ಕುಡಿತ ಬಿಟ್ಟ ಮೇಲಿನ ಸಂಜೆಗಳು

ಮಂಡ್ಯ ಕಡೆ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟರೆ ರೈತರು ಹೊತ್ತು ತರುತ್ತಾರೆ. ಹೊಸ ತಂತಿ ಸುತ್ತಿ ಕೊಡುವುದು ದೊಡ್ಡ ಕೆಲಸವಲ್ಲ. ಸುಟ್ಟಿದ್ದು ಯಾಕೆ ಅಂತ ನೋಡಬೇಕು. ಲೋ ವೋಲ್ಟೇಜಾ, ಒಂದು ಫೇಸ್ ಹೋಗಿತ್ತಾ, ಪಂಪಿಗೆ ಮರಳು ಸಿಕ್ಕಿತ್ತಾ? ಅದನ್ನು ನೋಡದೆ ಬರೀ ತಂತಿ ಸುತ್ತಿದರೆ ಅದೇ ಮೋಟಾರ್ ವಾಪಸ್ ಬರುತ್ತದೆ. ಕುಡಿತ ಬಿಡುವುದೂ ಹಾಗೇ. ಆಸ್ಪತ್ರೆಯಲ್ಲಿ ಮೈಯಿಂದ ಎಣ್ಣೆ ಇಳಿಸುತ್ತಾರೆ. ಕುಡಿಸುತ್ತಿದ್ದ ಸಿಟ್ಟು, ಭಯ, ಅವಮಾನ ಮಾತ್ರ ನಮ್ಮ ಜೊತೆಗೇ ಮನೆಗೆ ಬರುತ್ತವೆ.

ಅದಕ್ಕೂ ಮೊದಲು ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಹಠ ಹಿಡಿದು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬೇಡಿ. ಕೈ ನಡುಗಿ, ಬೆವರಿ, ಫಿಟ್ಸ್ ಬರಬಹುದು. ಎರಡು-ಮೂರು ದಿನ ಕಳೆದ ಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸಬಹುದು. ಪ್ರಾಣಕ್ಕೇ ಅಪಾಯ ಅದು. 2020ರ ಲಾಕ್‌ಡೌನ್‌ನಲ್ಲಿ ಮೇ 4ರವರೆಗೆ ಎಂಆರ್‌ಪಿ ಮದ್ಯದಂಗಡಿಗಳು ಮುಚ್ಚಿದ್ದಾಗ ಎಷ್ಟು ಜನ ಒದ್ದಾಡಿದರು, ನೆನಪಿದೆ ಅಲ್ವಾ? ನಾನು ಆಸ್ಪತ್ರೆಗೆ ಸೇರಿಯೇ ಬಿಟ್ಟೆ. ನಡುಕಕ್ಕೆ ಮಾತ್ರೆ, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್.

ಮನೆಗೆ ಬಂದ ಮೇಲೆ ಕಷ್ಟವಾಗಿದ್ದು ಸಂಜೆ ಆರೂವರೆ. ಬಾಯಲ್ಲಿ ನೀರೂರುತ್ತಿತ್ತು. ದವಡೆ ಬಿಗಿಯುತ್ತಿತ್ತು. ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತಿತ್ತು. ಕೌನ್ಸೆಲಿಂಗ್‌ನಲ್ಲಿ ಒಂದು ವಿಷಯ ಹೇಳಿದ್ದರು. ಈ ಸೆಳೆತ ಏರುತ್ತದೆ, ತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅದರ ಜೊತೆ ಕುಸ್ತಿಗೆ ಬೀಳಬೇಡಿ, ಮೈಯಲ್ಲಿ ಎಲ್ಲಿದೆ ಅಂತ ಸುಮ್ನೆ ನೋಡ್ತಾ ಇರಿ ಅಂದಿದ್ದರು. ಕಣ್ಣು ಮುಚ್ಚಿ ಕೂರುವುದು ನನ್ನ ಕೈಲಿ ಆಗಲಿಲ್ಲ. ಅದಕ್ಕೆ ಸುತ್ತುವ ಕೆಲಸವನ್ನೇ ಸಂಜೆಗೆ ಇಟ್ಟುಕೊಂಡೆ. ಸಬ್‌ಮರ್ಸಿಬಲ್ ಮೋಟಾರಿನ ಸ್ಲಾಟಿನೊಳಗೆ ತಂತಿಯನ್ನು ಕೈಯಲ್ಲೇ ಹಾಯಿಸಿ ಎಳೆಯಬೇಕು, ಒಂದೊಂದು ಸುತ್ತೂ ಎಣಿಸಬೇಕು. ಲೆಕ್ಕ ತಪ್ಪಿದರೆ ಬಿಚ್ಚಿ ಮೊದಲಿಂದ. ತಂತಿ ಎಳೆಯುವಾಗ ಉಸಿರು ತಗೊಂಡು, ತಿರುಗಿಸುವಾಗ ಬಿಡುತ್ತಿದ್ದೆ. ಆಮೇಲೆ ಗಡಿಯಾರ ನೋಡಿದರೆ ಏಳು ದಾಟಿರುತ್ತಿತ್ತು.

ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವ ಕೂಟ. ಅದರ ಸಭೆಗೆ ಹೋಗತೊಡಗಿದ್ದು ಆ ದಿನಗಳಲ್ಲೇ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಮಾತಾಡಿಕೊಂಡು ಶುರುಮಾಡಿದ್ದು ಅದು. ಫೀಸಿಲ್ಲ, ಯಾರೂ ಬೋಧನೆ ಮಾಡಲ್ಲ. ಅಲ್ಲಿ ಕಲಿತ ನಾಲ್ಕು ಪ್ರಶ್ನೆ ಇವತ್ತಿಗೂ ಬಳಸುತ್ತೇನೆ: ಹಸಿವಾಗಿದೆಯಾ, ಸಿಟ್ಟು ಬಂದಿದೆಯಾ, ಒಂಟಿ ಅನ್ನಿಸ್ತಿದೆಯಾ, ಸುಸ್ತಾಗಿದೆಯಾ? ನನಗಂತೂ ಅರ್ಧಕ್ಕರ್ಧ ದಿನ ಉತ್ತರ ಬರೀ ಹಸಿವು. ಐದು ಗಂಟೆಗೇ ಮನೆಯಿಂದ ತಂದ ಚಪಾತಿ ತಿನ್ನಲು ಶುರುಮಾಡಿದೆ. ಆರೂವರೆಯ ಕಾಟ ಎಷ್ಟೋ ತಗ್ಗಿತು. ಇಷ್ಟು ಸಣ್ಣ ವಿಷಯವಾ ಅಂತ ನಗಬೇಡಿ, ಮಾಡಿ ನೋಡಿ.

ಸಿಟ್ಟಿಗೆ ಮದ್ದು ಸುಲಭಕ್ಕೆ ಸಿಗಲಿಲ್ಲ. ಅಣ್ಣನಿಗೂ ನನಗೂ ಜಮೀನಿನ ತಕರಾರು. ಅವನ ಫೋನ್ ಬಂದ ದಿನವೆಲ್ಲ ಹಿಂದೆ ಒಂದು ಕ್ವಾರ್ಟರ್ ಗ್ಯಾರಂಟಿ. ಈಗ ಒಂದೇ ಉತ್ತರ ಇಟ್ಟುಕೊಂಡಿದ್ದೇನೆ: "ನಾಳೆ ಬೆಳಗ್ಗೆ ಮಾತಾಡ್ತೀನಣ್ಣ." ಫೋನ್ ಇಟ್ಟು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ನಡೆಯುತ್ತೇನೆ. ನಡೆಯುತ್ತಲೇ ಎ.ಎ. ಗೆಳೆಯರೊಬ್ಬರಿಗೆ ಫೋನ್. ಅವರು ಸಲಹೆ ಕೊಡುವುದಿಲ್ಲ. "ಹ್ಞೂಂ, ಆಮೇಲೆ?" ಅಂತಾರೆ, ಅಷ್ಟೇ. ಜಮೀನು ಇನ್ನೂ ಇತ್ಯರ್ಥ ಆಗಿಲ್ಲ.

ದುಃಖವಾದಾಗ ಕುಡೀತಾರೆ ಅಂತ ಎಲ್ಲರೂ ಎಣಿಸುತ್ತಾರೆ. ನನ್ನ ಪ್ರಕಾರ ಖುಷಿಯೇ ಜಾಸ್ತಿ ಅಪಾಯ. ದುಃಖದಲ್ಲಿ ಎಚ್ಚರ ಇರುತ್ತದೆ, ಖುಷಿಯಲ್ಲಿ ಇರಲ್ಲ. ನಮ್ಮ ಕಡೆ ಬೀಗರ ಊಟ ಅಂದರೆ ಶಾಮಿಯಾನದ ಹಿಂದೆ ಬಾಟಲಿ ಇರಲೇಬೇಕು. ಹೆಂಡತಿಯ ತಮ್ಮನ ಮದುವೆಯ ಬೀಗರ ಊಟಕ್ಕೆ ಹೋಗದೆ ಇರುವ ಹಾಗಿರಲಿಲ್ಲ. ಹಿಂದಿನ ರಾತ್ರಿಯೇ ಲೆಕ್ಕ ಹಾಕಿಕೊಂಡೆ. ಮೊದಲ ಪಂಕ್ತಿಯಲ್ಲೇ ಕೂರುವುದು, ಬೈಕ್ ಕೀ ನನ್ನ ಜೇಬಲ್ಲೇ ಇರಬೇಕು, ಕೈಯಲ್ಲಿ ಸದಾ ಮಜ್ಜಿಗೆ ಲೋಟ. "ಬನ್ನಿ ಭಾವ, ಒಂದೇ ಒಂದು ನೈಂಟಿ, ಏನೂ ಆಗಲ್ಲ" ಅಂತ ಭಾಮೈದ ಎಳೆದ. "ಮಾತ್ರೆ ತಗೋತಿದ್ದೀನಿ ಕಣಪ್ಪ, ಆಸ್ಪತ್ರೆಗೆ ನೀನೇ ಹೊರಬೇಕಾಗ್ತದೆ" ಅಂದೆ. ಎಲ್ಲರೂ ನಕ್ಕರು. ಮುದ್ದೆ, ಬಾಡೂಟ ಮುಗಿಸಿ ತಾಂಬೂಲ ತಗೊಂಡು ಹೊರಟೆ.

ಆ ಮಾತ್ರೆ ನಿಜವೇ. ಡೈಸಲ್ಫಿರಾಮ್. ಅದನ್ನು ತಗೊಂಡು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರ್ ಬರೆದುಕೊಟ್ಟು, ಕುಡುಕನಿಗೂ ಗೊತ್ತಿದ್ದು ತಗೋಬೇಕು. ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡುವ ಮನೆಗಳಿವೆ. ದಯವಿಟ್ಟು ಬೇಡ, ಜೀವ ಹೋಗಬಹುದು.

ಮನೆಯವರ ನಂಬಿಕೆ ಮಾತ್ರೆಯಷ್ಟು ಬೇಗ ಕೆಲಸ ಮಾಡಲಿಲ್ಲ. ಹೆಂಡತಿ ಬಾಗಿಲಲ್ಲೇ ನಿಂತು ಮೂಸುತ್ತಿದ್ದಳು. ಮೈ ಉರಿಯುತ್ತಿತ್ತು. ಕುಡಿದಿಲ್ಲ ಅಂತ ಕೂಗಾಡುವ ಬದಲು, "ನೋಡ್ಕೋ" ಅಂತ ನಾನೇ ಮುಂದೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಅಂಗಡಿಯ ಕ್ಯೂಆರ್ ಕೋಡ್ ಅವಳ ಖಾತೆಗೆ ಬದಲಾಯಿಸಿದೆ. ಜೇಬಲ್ಲಿ ಟೀ ಕಾಸಷ್ಟೇ. ಯಾವಾಗ ಮೂಸುವುದು ನಿಲ್ಲಿಸಿದಳೋ ನನಗೂ ಗೊತ್ತಾಗಲಿಲ್ಲ.

ಎ.ಎ. ಎಲ್ಲರಿಗೂ ಒಗ್ಗುವುದಿಲ್ಲ. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರು ನಮ್ಮೂರಲ್ಲಿದ್ದಾರೆ. ಶಿಬಿರ ಮುಗಿದ ಮೇಲೂ, ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಗೆ ತಪ್ಪದೆ ಹೋದವರೇ ಗಟ್ಟಿಯಾಗಿ ನಿಂತಿದ್ದಾರೆ, ನಾನು ಕಂಡ ಹಾಗೆ. ಅರ್ಧರಾತ್ರಿ ನಿದ್ದೆ ಬಾರದೆ ತಲೆ ಕೆಟ್ಟಾಗ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ ಹೆಸರು, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬಿಟ್ಟ ಹೊಸದರಲ್ಲಿ ನಿದ್ದೆ ಕೆಡುವುದು ಮಾಮೂಲಿ, ತಿಂಗಳುಗಟ್ಟಲೆ ಎಳೆಯಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ತಂದುಕೊಳ್ಳಬೇಡಿ, ಅದೇ ಇನ್ನೊಂದು ಚಟವಾಗುತ್ತದೆ. ನಿಮ್ಮ ಡಾಕ್ಟರಿಗೇ ಹೇಳಿ.