ಮೈಕ್ರೋವೇವ್ ಕೀಪ್ಯಾಡ್ ಕೈಕೊಟ್ಟಾಗ ನಾನು ಮಾಡಿದ್ದು

ನಮ್ಮ ಮೈಕ್ರೋವೇವ್‌ನಲ್ಲಿ ನಾಲ್ಕು ಕೀಗಳು ಒಟ್ಟಿಗೆ ಕೆಲಸ ನಿಲ್ಲಿಸಿದವು. 3, 7, ಗ್ರಿಲ್, ಮತ್ತೆ ಸ್ಟಾರ್ಟ್. ಉಳಿದದ್ದೆಲ್ಲ ಸರಿ ಇತ್ತು. ಡಿಸ್‌ಪ್ಲೇಯಲ್ಲಿ ಗಡಿಯಾರ ಓಡುತ್ತಿತ್ತು, ಬಾಗಿಲು ತೆಗೆದರೆ ಲೈಟ್ ಹತ್ತುತ್ತಿತ್ತು, 5 ಒತ್ತಿದರೆ ಬೀಪ್ ಬರುತ್ತಿತ್ತು. ಆದರೆ ಸ್ಟಾರ್ಟೇ ಇಲ್ಲದ ಮೇಲೆ ಏನು ಪ್ರಯೋಜನ, ಅಲ್ವಾ? ನೋಡಲು ಬಂದ ಮೆಕ್ಯಾನಿಕ್ ಹೊರಗಿನಿಂದಲೇ ಒತ್ತಿ ನೋಡಿ "ಬೋರ್ಡ್ ಹೋಗಿದೆ ಸಾರ್, ಹೊಸದೇ ಹಾಕಬೇಕು" ಅಂದರು. ಅವರು ಹೇಳಿದ ರೇಟಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಮೈಕ್ರೋವೇವೇ ಬರುತ್ತಿತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಾಲ್ಕೇ ಕೀ ಸತ್ತಿವೆ, ಅದೂ ಒಂದೇ ದಿನ. ಅದಕ್ಕೆ ಏನೋ ಒಂದು ಕಾರಣ ಇರಲೇಬೇಕು.

ಕೀಪ್ಯಾಡ್ ಒಳಗೆ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ನಾವು ಒತ್ತುವ ಆ ಪ್ಲಾಸ್ಟಿಕ್ ಹಾಳೆಗೆ ಮೆಂಬ್ರೇನ್ ಅನ್ನುತ್ತಾರೆ. ಅದರಲ್ಲಿ ಎರಡು ತೆಳು ಪದರ, ಎರಡರ ಮೇಲೂ ಬೆಳ್ಳಿ ಇಂಕ್‌ನಲ್ಲಿ ಪ್ರಿಂಟ್ ಮಾಡಿದ ಗೆರೆಗಳು. ನಡುವೆ ಇನ್ನೊಂದು ಪದರ, ಕೀ ಇರುವ ಜಾಗದಲ್ಲಿ ಮಾತ್ರ ತೂತು. ಒತ್ತಿದಾಗ ಆ ತೂತಿನಲ್ಲಿ ಮೇಲಿನದ್ದು ಕೆಳಗಿನದ್ದಕ್ಕೆ ತಾಗುತ್ತದೆ. ಅಷ್ಟೇ. 20 ಕೀಗಳಿಗೆ ಬೇರೆ ಬೇರೆ ವೈರ್ ಎಳೆಯುವುದಿಲ್ಲ. 4 ಅಡ್ಡ ಗೆರೆ, 5 ಉದ್ದ ಗೆರೆ, ಚೌಕಳಿ ಲುಂಗಿಯ ಹಾಗೆ. ಗೆರೆಗಳು ದಾಟುವ ಒಂದೊಂದು ಜಾಗವೂ ಒಂದು ಕೀ. ಹಾಗಾಗಿ ಮೆಂಬ್ರೇನ್‌ನಿಂದ ಕಂಟ್ರೋಲ್ ಬೋರ್ಡಿಗೆ ಹೋಗುವ ಚಪ್ಪಟೆ ಬಾಲದಲ್ಲಿ, ಅದಕ್ಕೆ ರಿಬ್ಬನ್ ಅನ್ನುತ್ತಾರೆ, 9 ಪಟ್ಟಿ ಇದ್ದರೆ ಸಾಕು.

ಈಗ ಒಂದು ಉದ್ದ ಗೆರೆ ತುಂಡಾದರೆ ಏನಾಗುತ್ತದೆ? ಆ ಗೆರೆಯ ಮೇಲಿರುವ ನಾಲ್ಕೂ ಕೀಗಳು ಒಟ್ಟಿಗೆ ಸಾಯುತ್ತವೆ. ಅವು ಪ್ಯಾನೆಲ್ ಮೇಲೆ ಅಕ್ಕಪಕ್ಕ ಇರಬೇಕು ಅಂತೇನಿಲ್ಲ, ಗೆರೆ ಹೇಗೆ ಬೇಕಾದರೂ ಸುತ್ತಿಕೊಂಡು ಹೋಗಿರುತ್ತದೆ. ಅದಕ್ಕೇ ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವ ಮೊದಲ ಮಾತು ಇದು: ಸ್ಕ್ರೂಡ್ರೈವರ್ ಮುಟ್ಟಬೇಡಿ, ಒಂದು ಚೀಟಿ ತಗೊಂಡು ಪ್ರತಿ ಕೀ ಒತ್ತಿ ನೋಡಿ, ಯಾವುದು ಸತ್ತಿದೆ, ಯಾವುದು ಬದುಕಿದೆ ಅಂತ ಬರೆದುಕೊಳ್ಳಿ. ಒಂದೇ ಕೀ ಸತ್ತಿದ್ದರೆ ಆ ಕೀಯ ಜಾಗವೇ ಸವೆದಿರುತ್ತದೆ. ಮೂರು ನಾಲ್ಕು ಒಟ್ಟಿಗೆ ಹೋಗಿದ್ದರೆ ಒಂದು ಗೆರೆ ಹೋಗಿದೆ. ಎಲ್ಲವೂ ಹೋಗಿದ್ದರೆ ರಿಬ್ಬನ್ ಸಾಕೆಟ್‌ನಿಂದ ಕಳಚಿರಬಹುದು, ಅಥವಾ ಯಾವುದೋ ಒಂದು ಕೀ ಒಳಗೇ ಅಂಟಿಕೊಂಡು ಉಳಿದದ್ದನ್ನೆಲ್ಲ ತಡೆಯುತ್ತಿರಬಹುದು.

ಎಲ್ಲ ಕೀಗಳೂ ಸತ್ತಿದ್ದರೆ ಚೈಲ್ಡ್ ಲಾಕ್ ಬಿದ್ದಿದೆಯಾ ಅಂತಲೂ ನೋಡಿ. ಹಲವು ಮಾಡೆಲ್‌ಗಳಲ್ಲಿ ಸ್ಟಾಪ್ ಕೀಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದೆ. ಇನ್ನು ಸ್ಟಾರ್ಟ್ ಒಂದೇ ಕೆಲಸ ಮಾಡುತ್ತಿಲ್ಲ ಅಂದರೆ ಕೀಪ್ಯಾಡ್ ಮೇಲೆ ಅನುಮಾನ ಪಡುವ ಮೊದಲು ಬಾಗಿಲಿನ ಸ್ವಿಚ್ ನೋಡಬೇಕು. ಬಾಗಿಲು ಮುಚ್ಚಿದರೂ ಒಳಗಿನ ಲೈಟ್ ಆರದಿದ್ದರೆ, ಬಾಗಿಲು ಮುಚ್ಚಿದ್ದು ಬೋರ್ಡಿಗೆ ತಿಳಿಯುತ್ತಿಲ್ಲ ಅಂತ ಅರ್ಥ.

ಇನ್ನು ಕವರ್ ಬಿಚ್ಚುವ ವಿಚಾರ. ಇಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮೈಕ್ರೋವೇವ್ ಒಳಗಿನ ಟ್ರಾನ್ಸ್‌ಫಾರ್ಮರ್ ನಮ್ಮ ಮನೆಯ 230 ವೋಲ್ಟ್ ಅನ್ನು ಸುಮಾರು 2000 ವೋಲ್ಟ್‌ಗೆ ಏರಿಸುತ್ತದೆ. ಪಕ್ಕದಲ್ಲಿ ಒಂದು ದೊಡ್ಡ ಕೆಪಾಸಿಟರ್ ಇದೆ (ಕರೆಂಟನ್ನು ಕೂಡಿಟ್ಟುಕೊಳ್ಳುವ ಭಾಗ), ಅದರ ಮೇಲೆ 2100 ವೋಲ್ಟ್ ಅಂತ ಬರೆದಿರುತ್ತದೆ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ಆ ಶಾಕ್ ಜೀವ ತೆಗೆಯುತ್ತದೆ. ಚಾರ್ಜ್ ಇಳಿಸುವ ರೆಸಿಸ್ಟರ್ ಸಾಮಾನ್ಯವಾಗಿ ಒಳಗೇ ಇರುತ್ತದೆ, ಆದರೆ ಅದು ಕೆಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ನಾನು ಪ್ಲಗ್ ಕಿತ್ತು, ರಾತ್ರಿಯಿಡೀ ಹಾಗೇ ಬಿಟ್ಟು, ಕವರ್ ತೆಗೆದ ಮೇಲೆ ಒಳ್ಳೆ ಇನ್ಸುಲೇಶನ್ ಇರುವ ವೈರಿಗೆ ಕಟ್ಟಿದ ರೆಸಿಸ್ಟರ್‌ನಿಂದ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿಯೇ ಮುಂದಕ್ಕೆ ಹೋದದ್ದು. ಕೆಪಾಸಿಟರ್ ಯಾವುದು ಅಂತ ಗುರುತಿಸಲು ಬರದವರು ಕವರ್ ಬಿಚ್ಚಲೇಬೇಡಿ, ಗೊತ್ತಿರುವವರನ್ನು ಕರೆಸಿ. ಮತ್ತೆ ಕವರ್ ಇಲ್ಲದೆ ಪ್ಲಗ್ ಹಾಕುವುದು ಯಾವತ್ತೂ ಇಲ್ಲ. ಒಂದು ಸೆಕೆಂಡಿಗೂ ಇಲ್ಲ.

ಬಲಗಡೆ ಪ್ಯಾನೆಲ್ ಹಿಂದೆ ಕಂಟ್ರೋಲ್ ಬೋರ್ಡ್ ಇತ್ತು. ರಿಬ್ಬನ್ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದೆ. ನಮ್ಮದರ ಸಾಕೆಟ್‌ಗೆ ಸಣ್ಣ ಲಾಕ್ ಇತ್ತು, ಅದನ್ನು ಮೇಲೆತ್ತಿ ನಿಧಾನವಾಗಿ ಎಳೆದೆ. ಆಮೇಲೆ ಮಲ್ಟಿಮೀಟರ್, ಅಂದರೆ ವೋಲ್ಟ್, ಓಮ್ ಎಲ್ಲ ಅಳೆಯುವ ಮೀಟರ್. ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವುದರ ಅಳತೆಯೇ ಓಮ್. ಇಲ್ಲಿ ಒಂದು ಮುಖ್ಯ ವಿಷಯ. ಬೀಪ್ ಬರುವ ಕಂಟಿನ್ಯೂಟಿ ಮೋಡ್ ನಂಬಬೇಡಿ. ಮೆಂಬ್ರೇನ್‌ನ ಕೀಗಳಲ್ಲಿ ಕಾರ್ಬನ್ ಲೇಪ ಇರಬಹುದಾದ್ದರಿಂದ ಒಳ್ಳೆ ಕೀ ಒತ್ತಿದರೂ ನೂರಿನ್ನೂರು ಓಮ್ ತೋರಿಸಬಹುದು, ಅಷ್ಟಕ್ಕೆ ಮೀಟರ್ ಬೀಪ್ ಮಾಡುವುದಿಲ್ಲ. ಚೆನ್ನಾಗಿರುವ ಕೀಯನ್ನೂ ಕೆಟ್ಟಿದೆ ಅಂದುಕೊಳ್ಳುತ್ತೀರಿ. 2000 ಓಮ್ ರೇಂಜಿಗೆ ಇಟ್ಟು ನಂಬರ್ ನೋಡಿ.

ಈ ಕೆಲಸಕ್ಕೆ ಇಬ್ಬರು ಬೇಕು. ಮಗಳು ಮುಂದಿನಿಂದ ಕೀ ಒತ್ತಿ ಹಿಡಿದಳು, ನಾನು ಹಿಂದಿನಿಂದ ಪಟ್ಟಿಗಳನ್ನು ಎರಡೆರಡಾಗಿ ಮುಟ್ಟುತ್ತಾ ಹೋದೆ. "ಅಪ್ಪಾ, ಬಿಡ್ಲಾ?" "ಬೇಡ ಪುಟ್ಟಾ, ಇನ್ನೂ ಸಿಕ್ಕಿಲ್ಲ." ಹೀಗೆ ಕೂತು ಒಂದು ಟೇಬಲ್ ಬರೆದೆವು. ತಾಳ್ಮೆ ಬೇಕು, ಆದರೆ ಆ ಟೇಬಲ್ ತುಂಬುತ್ತಾ ಹೋದ ಹಾಗೆ ಉತ್ತರ ತಾನಾಗಿ ಕಂಡಿತು. ಬದುಕಿರುವ ಕೀಗಳೆಲ್ಲ ಬೇರೆ ಎಂಟು ಪಟ್ಟಿಗಳಲ್ಲಿ ಹಂಚಿಹೋಗಿದ್ದವು. ಆರನೇ ಪಟ್ಟಿಗೆ ಒಂದೂ ಕೀ ಬರಲಿಲ್ಲ. 3, 7, ಗ್ರಿಲ್, ಸ್ಟಾರ್ಟ್ ನಾಲ್ಕೂ ಅದರದ್ದೇ. ಅಲ್ಲಿಗೆ ಬೋರ್ಡಿನ ಮೇಲಿದ್ದ ಆರೋಪ ಹೋಯಿತು, ಯಾಕೆಂದರೆ ನಾನು ಅಳೆದದ್ದು ಬೋರ್ಡಿನಿಂದ ಬಿಚ್ಚಿದ ರಿಬ್ಬನ್ ಮಾತ್ರ. ಒಂದು ವೇಳೆ ಎಲ್ಲ ಕೀಗಳೂ ಇಲ್ಲಿ ಸರಿಯಾಗಿ ಓದಿದ್ದರೆ ಆಗ ಬೋರ್ಡ್ ಅಥವಾ ಸಾಕೆಟ್ ಕಡೆ ನೋಡಬೇಕಿತ್ತು.

ರಿಬ್ಬನ್ ತುದಿಯನ್ನು ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಯಿಂದ ಒರೆಸಿದೆ. ನಮ್ಮದು ಉಡುಪಿ ಕಡೆ, ಆಟಿ ತಿಂಗಳ ಮಳೆಯಲ್ಲಿ ಗೋಡೆಯೂ ಬೆವರುತ್ತದೆ, ಅದರ ಮೇಲೆ ಮೈಕ್ರೋವೇವ್ ಒಲೆಯ ಪಕ್ಕದಲ್ಲೇ ಇತ್ತು, ಒಗ್ಗರಣೆಯ ಜಿಡ್ಡು ಹೋಗಿ ಕೂರುವುದು ಇಂಥ ಜಾಗದಲ್ಲೇ. ಹತ್ತಿ ಕಂದಾಯಿತು, ಆದರೆ ಆರನೇ ಪಟ್ಟಿಗೆ ಜೀವ ಬರಲಿಲ್ಲ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಅಂತ ತುಂಬಾ ಜನ ಹೇಳುತ್ತಾರೆ. ತುದಿಯಲ್ಲಿ ಕಪ್ಪು ಕಾರ್ಬನ್ ಲೇಪ ಇದ್ದರೆ ಅದು ಕಿತ್ತು ಬರುತ್ತದೆ, ನಾನು ಉಜ್ಜುವುದಿಲ್ಲ.

ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಸಾಕೆಟ್‌ನಿಂದ ಸ್ವಲ್ಪ ಹಿಂದೆ, ರಿಬ್ಬನ್ ಮಡಿಚಿಕೊಂಡಿದ್ದ ಜಾಗದಲ್ಲಿ, ಆರನೇ ಗೆರೆಗೆ ಅಡ್ಡವಾಗಿ ಕೂದಲೆಳೆಯಂಥ ಬಿರುಕು ಕಂಡಿತು. ಸುತ್ತ ಬೆಳ್ಳಿ ಕಪ್ಪಾಗಿತ್ತು. ಬಿರುಕಿನ ಆಚೆ ಈಚೆ ಮೀಟರಿನ ಪ್ರೋಬ್ ಇಟ್ಟೆ, ಓಪನ್, ಅಂದರೆ ಸಂಪರ್ಕವೇ ಇಲ್ಲ. ಇಷ್ಟಕ್ಕೇ ಬೋರ್ಡ್ ಬದಲಿಸಬೇಕಿತ್ತು ನೋಡಿ!

ಇದಕ್ಕೆ ಸೋಲ್ಡರ್ ಆಗುವುದಿಲ್ಲ, ಪ್ಲಾಸ್ಟಿಕ್ ಕರಗಿಹೋಗುತ್ತದೆ. ಕರೆಂಟ್ ಹರಿಯುವ ಸಿಲ್ವರ್ ಪೇಂಟ್ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಮ್ಮನ ಕೈಲಿ ಒಂದು ಸಣ್ಣ ಬಾಟಲಿ ತರಿಸಿದೆ. ಆ ಜಾಗದಲ್ಲಿ ಗೆರೆಯ ಮೇಲಿನ ರಕ್ಷಣೆಯ ಲೇಪವನ್ನು ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆದೆ, ಬೆಳ್ಳಿ ಕಾಣುವಷ್ಟು ಮಾತ್ರ. ಐದನೇ ಮತ್ತು ಏಳನೇ ಗೆರೆಗಳನ್ನು ಟೇಪಿನಿಂದ ಮುಚ್ಚಿದೆ, ಪೇಂಟ್ ಪಕ್ಕಕ್ಕೆ ಹರಿದರೆ ಎರಡು ಗೆರೆ ಸೇರಿ ಹೊಸ ತೊಂದರೆ ಹುಟ್ಟುತ್ತದೆ. ಹಲ್ಲುಕಡ್ಡಿಯಿಂದ ತೆಳುವಾಗಿ ಹಚ್ಚಿ, ಒಣಗಲು ಬಿಟ್ಟು, ಮತ್ತೊಂದು ಕೋಟ್ ಹಚ್ಚಿದೆ. ಪೂರ್ತಿ ಒಣಗಿದ ಮೇಲೆ ನಾಲ್ಕೂ ಕೀಗಳು ಮೀಟರಿನಲ್ಲಿ ಬಂದವು. ಪಕ್ಕದ ಗೆರೆಗಳ ಜೊತೆ ಶಾರ್ಟ್ ಆಗಿಲ್ಲ ಅಂತಲೂ ಅಳೆದು ನೋಡಿದೆ. ಆ ಜಾಗ ಮತ್ತೆ ಮಡಿಚದ ಹಾಗೆ ಮೇಲೊಂದು ಗಟ್ಟಿ ಟೇಪ್ ಅಂಟಿಸಿ ರಿಬ್ಬನ್ ಅನ್ನು ದೊಡ್ಡ ಬಳುಕಿನಲ್ಲಿ ಕೂರಿಸಿದೆ. ಕವರ್ ಹಾಕಿ, ಎಲ್ಲ ಸ್ಕ್ರೂ ಬಿಗಿದು, ಒಳಗೊಂದು ಲೋಟ ನೀರಿಟ್ಟು ಸ್ಟಾರ್ಟ್ ಒತ್ತಿದೆ. ಓಡಿತು. ಇವತ್ತಿಗೂ ಓಡುತ್ತಿದೆ.

ಎಲ್ಲವೂ ಹೀಗೆ ಸರಿಯಾಗುವುದಿಲ್ಲ. ಪಕ್ಕದ ಮನೆಯ ಅಕ್ಕನ ಮೈಕ್ರೋವೇವ್ ಯಾರೂ ಮುಟ್ಟದೆ ತಾನೇ ಬೀಪ್ ಬೀಪ್ ಅನ್ನುತ್ತಿತ್ತು. ಇಂಥದ್ದನ್ನು ಪ್ಲಗ್ಗಿನಲ್ಲಿ ಬಿಡಲೇಬಾರದು, ಖಾಲಿ ಓವನ್ ತಾನಾಗಿ ಶುರುವಾದರೆ ಅಪಾಯ. ರಿಬ್ಬನ್ ಕಳಚಿ, ಕವರ್ ಮತ್ತೆ ಹಾಕಿ, ಆಮೇಲೆ ಪ್ಲಗ್ ಕೊಟ್ಟಾಗ ಬೀಪ್ ನಿಂತಿತು. ಅಂದರೆ ತಪ್ಪು ಮೆಂಬ್ರೇನಿನದ್ದು. ಮೀಟರಿನಲ್ಲೂ ಏನೂ ಒತ್ತದೆ ಒಂದು ಕೀ ಓದುತ್ತಿತ್ತು. ಪದರಗಳ ನಡುವೆ ತೇವ ಹೋಗಿತ್ತು. ಬಿಸಿಲಿಗಿಟ್ಟು ಒಣಗಿಸಿದಾಗ ಸರಿಯಾಯಿತು, ಮಳೆ ಬಂದಾಗ ಮತ್ತೆ ಅದೇ ಕಥೆ. ಅಕ್ಕನಿಗೆ ಹೊಸ ಮೆಂಬ್ರೇನ್ ಹಾಕಿಸಿಕೊಳ್ಳಿ ಅಂದೆ. ಅದು ಬೋರ್ಡಿಗಿಂತ ತುಂಬಾ ಕಡಿಮೆಗೆ ಸಿಗುತ್ತದೆ, ಹಿಂದೆ ಗಮ್ ಇರುತ್ತದೆ, ಹಳೆಯದನ್ನು ಕಿತ್ತು ಅಂಟಿಸಿದರಾಯಿತು. ತರಿಸುವಾಗ ಓವನ್ ಹಿಂದಿನ ಸ್ಟಿಕ್ಕರ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಕೊಡಿ, ಮತ್ತೆ ರಿಬ್ಬನ್ನಿನ ಪಟ್ಟಿಗಳನ್ನು ಎಣಿಸಿ ಹೇಳಿ. ಮುಂದಿನಿಂದ ಒಂದೇ ಥರ ಕಾಣುವ ಎರಡು ಮಾಡೆಲ್‌ಗಳ ಗೆರೆಗಳು ಒಳಗೆ ಬೇರೆ ಬೇರೆ ಇರಬಹುದು.