ಹಳೆ ಯೆಜ್ಡಿ, ನಾಲ್ಕು ಬಗೆಯ ನೆಲ

ಕಲಬುರಗಿಯಲ್ಲಿ ಹಳೆ ಯೆಜ್ಡಿ ಮೋಟರ್‌ಸೈಕಲ್ ಇಟ್ಟುಕೊಂಡವನಿಗೆ ಜನ ಕೇಳುವ ಮೊದಲ ಪ್ರಶ್ನೆ "ಸಾಮಾನು ಸಿಗುತ್ತದೆಯೇ?" ಎಂಬುದು. ಎರಡನೆಯದು "ಮಾರುತ್ತೀರಾ?" ಅದಕ್ಕೆ ಡೇರೆ ಕಟ್ಟಿಕೊಂಡು ಹೊಲ, ಹೊಳೆ ದಂಡೆಯಲ್ಲಿ ಮಲಗಿ ಬರುತ್ತೇನೆ ಎಂದರೆ ಮೂರನೆಯ ಪ್ರಶ್ನೆ ಇರುವುದಿಲ್ಲ, ಬರೀ ನಗು.

ನನ್ನದು ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಗೇರಿನ ಲಿವರೇ ಕಿಕ್ಕರ್ ಕೂಡ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಒದೆಯಬೇಕು. ಇದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂದರೆ ಹಳೆ ಯೆಜ್ಡಿಗಳಲ್ಲಿ ಎಲ್ಲಕ್ಕಿಂತ ಕಿರಿಯದಕ್ಕೂ ಮೂವತ್ತರ ಆಸುಪಾಸಿನ ವಯಸ್ಸು. ಈಗ ಅದೇ ಹೆಸರಿನಲ್ಲಿ ಬರುತ್ತಿರುವ ಹೊಸ ಗಾಡಿಗಳ ಮಾತು ಬೇರೆ, ಅವುಗಳ ಮೇಲೆ ನನಗೆ ಸಿಟ್ಟೂ ಇಲ್ಲ, ಆಸೆಯೂ ಇಲ್ಲ.

ಹೊರಡುವ ಮೊದಲು ನಾನು ನಕ್ಷೆ ನೋಡುವುದು ಕಡಿಮೆ, ಹೊತ್ತು ನೋಡುವುದು ಹೆಚ್ಚು. ನನ್ನ ಗಾಡಿಯದು ಆರು ವೋಲ್ಟಿನ ದೀಪ. ಅದರ ಬೆಳಕಿನಲ್ಲಿ ನಾನು ರಸ್ತೆ ಕಾಣುವುದಕ್ಕಿಂತ ಎದುರಿನವರು ನನ್ನನ್ನು ಕಂಡರೆ ಸಾಕು ಎನ್ನುವ ಸ್ಥಿತಿ. ಕಬ್ಬಿನ ಹಂಗಾಮಿನಲ್ಲಿ ಅಫಜಲಪುರ, ಆಳಂದದ ಕಡೆ ಹಿಂದೀಪವೇ ಇಲ್ಲದ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುತ್ತಿರುತ್ತವೆ. ಹಾಗಾಗಿ ಹೊತ್ತು ಮುಳುಗುವ ಒಂದು ತಾಸು ಮೊದಲೇ ಎಂಜಿನ್ ಆರಬೇಕು. ಗಂಟೆಗೆ 50 ಕಿ.ಮೀ. ಆಸುಪಾಸಿನ ವೇಗ, ನಡುನಡುವೆ ವಿಶ್ರಾಂತಿ ಎಂದು ಲೆಕ್ಕ ಹಾಕಿದರೆ ದಿನಕ್ಕೆ ನೂರಿಪ್ಪತ್ತು ಕಿ.ಮೀ. ನೆಮ್ಮದಿಯ ಪ್ರಯಾಣ. ಕಲಬುರಗಿ, ಬೀದರ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಿಗೆ ಇದು ಹೇಳಿ ಮಾಡಿಸಿದ ಅಳತೆ: ಬೀದರ, ಚಿಂಚೋಳಿ, ಸನ್ನತಿ, ಶಹಾಪುರ ಎಲ್ಲವೂ ಕಲಬುರಗಿಯಿಂದ ಒಂದು ದಿನದ ದಾರಿ. ಕಾಲ ಮಾತ್ರ ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಊರಿದು. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್‌ಗೆ ಆ ಗಾಳಿಯೇ ಕಾದ ಹಂಚಿನ ಮೇಲಿಂದ ಬಂದಂತಿರುತ್ತದೆ.

ದೂರವನ್ನು ಗಾಡಿ ನಿರ್ಧರಿಸಿದರೆ, ಮಲಗುವ ಜಾಗವನ್ನು ನೆಲ ನಿರ್ಧರಿಸುತ್ತದೆ. ಬೆಟ್ಟದ ಸೀಮೆಯವರು ಬರೆದ ಸಲಹೆಗಳನ್ನು ಓದಿ ಇಲ್ಲಿ ಡೇರೆ ಹಾಕಲು ಬರುವುದಿಲ್ಲ. ಕಲಬುರಗಿ ಸುತ್ತಲಿನದು ಕಪ್ಪು ಮಣ್ಣಿನ ಎರೆಭೂಮಿ. ಒಣಗಿದಾಗ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ, ಗೂಟ ಹೊಡೆದರೆ ಹೆಂಟೆಯೇ ಎದ್ದು ಬರುತ್ತದೆ, ಬಿರುಕಿನೊಳಗೆ ಚೇಳುಗಳ ವಾಸ. ಅಕಾಲದ ಮಳೆ ಬಿದ್ದರಂತೂ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಚಕ್ರವೇ ತಿರುಗುವುದಿಲ್ಲ; ಅದನ್ನು ಕೆರೆದು ತೆಗೆಯಲೆಂದೇ ಒಂದು ಚಪ್ಪಟೆ ಬಿದಿರಿನ ಸೀಳನ್ನು ಸೀಟಿನ ಕೆಳಗೆ ಇಟ್ಟುಕೊಂಡಿದ್ದೇನೆ. ಎರೆಯ ಸೀಮೆಯಲ್ಲಿ ನಾನು ಹುಡುಕುವುದು ಕಣವನ್ನು. ತುಳಿದು, ಸಾರಿಸಿ ಗಟ್ಟಿ ಮಾಡಿದ ಸಮತಟ್ಟಾದ ನೆಲ, ಬಿರುಕಿಲ್ಲ, ಸುತ್ತ ಬಯಲು. ಹೊಲದವರನ್ನು ಕೇಳಿದರೆ ಇಲ್ಲವೆಂದವರು ಇಲ್ಲ. ಒಮ್ಮೆ ಮಾತ್ರ ಒಬ್ಬ ಹಿರಿಯರು ನನ್ನ ಬೂಟು ನೋಡಿ, "ತಮ್ಮಾ, ಮಲಗು, ಆದರೆ ಕಾಲಲ್ಲಿರುವುದನ್ನು ಆಚೆ ಬಿಟ್ಟು ಬಾ" ಎಂದರು. ಕಣದಲ್ಲಿ ಚಪ್ಪಲಿ ಮೆಟ್ಟುವಂತಿಲ್ಲ. "ಆಗಲಿ ಕಾಕಾ" ಎಂದು ಬೂಟನ್ನು ಗಾಡಿಯ ಹ್ಯಾಂಡಲ್ಲಿಗೆ ನೇತುಹಾಕಿದೆ. ಈಗ ಅದೇ ರೂಢಿಯಾಗಿದೆ, ಚೇಳಿಗೂ ಅಲ್ಲಿ ಬೂಟು ಎಟುಕುವುದಿಲ್ಲ.

ಶಹಾಬಾದ, ವಾಡಿ, ಸೇಡಂ ಕಡೆ ಹೊರಳಿದರೆ ಸುಣ್ಣಕಲ್ಲಿನ ಸೀಮೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಫರಸಿ ಕಲ್ಲೆಲ್ಲ ಇಲ್ಲಿಯದೇ. ಗೂಟದ ಮಾತೇ ಇಲ್ಲ, ಮಣ್ಣಿನ ಪದರ ಅಷ್ಟು ತೆಳು. ಡೇರೆಯ ಹಗ್ಗಗಳನ್ನು ಫರಸಿಯ ತುಂಡುಗಳಿಗೆ ಸುತ್ತಿ ಬಿಗಿಯುತ್ತೇನೆ. ಹಗಲೆಲ್ಲ ಕಾದ ಕಲ್ಲು ನಡುರಾತ್ರಿಯವರೆಗೂ ಬೆಚ್ಚಗಿರುವುದರಿಂದ ಡಿಸೆಂಬರಿನಲ್ಲಿ ಇದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಭೀಮಾ ದಂಡೆಯ ಸನ್ನತಿಗೆ ನಾನು ಮತ್ತೆ ಮತ್ತೆ ಹೋಗುವುದಕ್ಕೆ ಈ ಕಲ್ಲೂ ಒಂದು ಕಾರಣ. ಪಕ್ಕದ ಕನಗನಹಳ್ಳಿಯ ಸ್ತೂಪದ ಶಿಲ್ಪಫಲಕಗಳನ್ನು ಕಡೆದಿರುವುದು ಇದೇ ಸುಣ್ಣಕಲ್ಲಿನಲ್ಲಿ. ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದಿರುವ ಅಶೋಕನ ಶಿಲ್ಪ ಸಿಕ್ಕಿದ್ದೂ ಅಲ್ಲಿಯೇ. ಸ್ಮಾರಕದ ಆವರಣದಲ್ಲಿ ಬಿಡಾರ ಹೂಡುವಂತಿಲ್ಲ, ಹೂಡಲೂಬಾರದು. ಊರಾಚೆಯ ಹೊಲದಲ್ಲಿ ಜಾಗ ಕೇಳಿಕೊಳ್ಳುತ್ತೇನೆ. ಸೇಡಂ ದಾರಿಯಲ್ಲಿ ಮಳಖೇಡವೂ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರನ್ನು ಈಗ ಸಿಮೆಂಟ್ ಲಾರಿಗಳ ಧೂಳಿನ ನಡುವೆ ನೋಡಬೇಕು. ಕಾಗಿಣಾ ದಂಡೆಯ ಕೋಟೆಗೆ ಬೆಳಗಿನ ಹೊತ್ತಿನಲ್ಲಿ ಹೋದರೆ ಧೂಳು ಅಷ್ಟು ಎದ್ದಿರುವುದಿಲ್ಲ.

ಬೀದರ ಎತ್ತರದ ಊರು, ಕೆಂಪು ಜಂಬಿಟ್ಟಿಗೆಯ ನೆಲ. ಬಿದ್ದ ನೀರು ನಿಲ್ಲದೆ ಇಳಿದುಹೋಗುತ್ತದೆ. ಕೆಳಗಿನ ಕಪ್ಪುಕಲ್ಲಿನ ಪದರಕ್ಕೆ ತಾಗಿ ನಿಂತ ಆ ನೀರನ್ನೇ ಬಹಮನಿ ಕಾಲದ ಕರೇಜ್ ಸುರಂಗಗಳು ಊರಿಗೆ ತಂದದ್ದು. ಡೇರೆಗೆ ಇದಕ್ಕಿಂತ ಒಣ ನೆಲ ಈ ಭಾಗದಲ್ಲಿ ಇಲ್ಲ. ಆದರೆ ಚಳಿ! ಜನವರಿಯಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಊರುಗಳ ಪಟ್ಟಿಯಲ್ಲಿ ಬೀದರದ ಹೆಸರು ಬರುವುದನ್ನು ಪತ್ರಿಕೆಯಲ್ಲಿ ನೀವೂ ನೋಡಿರುತ್ತೀರಿ. ದುಬಾರಿ ಮಲಗುಚೀಲದ ಬದಲು ಅವ್ವ ಹೊಲಿದ ಕೌದಿ ಒಯ್ಯುತ್ತೇನೆ. ಭಾರ ಹೆಚ್ಚು, ನಿಜ, ಆದರೆ ಹಗಲಿನಲ್ಲಿ ಅದೇ ಸೀಟಿನ ಮೆತ್ತೆ. ತೀರಾ ದಣಿದಿದ್ದರೆ ಡೇರೆ ಬಿಚ್ಚುವುದೇ ಇಲ್ಲ, ಗುರುನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ (ಎಲ್ಲರಿಗೂ ಊಟ ಬಡಿಸುವ ಪಂಕ್ತಿಯಲ್ಲಿ) ಊಟ ಮಾಡಿ ಅಲ್ಲಿಯೇ ಉಳಿಯುವ ವ್ಯವಸ್ಥೆ ಕೇಳುತ್ತೇನೆ.

ಶಹಾಪುರ, ಸುರಪುರದ ಕಡೆ ಕಗ್ಗಲ್ಲಿನ ಗುಡ್ಡಗಳು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟಸಾಲಿನ ಫೋಟೊಗಳನ್ನು ಎಲ್ಲರೂ ನೋಡಿದ್ದಾರೆ, ವರ್ಣಿಸುವುದಿಲ್ಲ. ಮರಳು ಬೆರೆತ ಮಣ್ಣಿನಲ್ಲಿ ಗೂಟ ಸಲೀಸಾಗಿ ಇಳಿದು ಗಟ್ಟಿಯಾಗಿ ನಿಲ್ಲುತ್ತದೆ. ತೊಂದರೆ ಒಂದೇ, ನಾರಾಯಣಪುರ ಕಾಲುವೆಯ ನೀರು ಬಂದಲ್ಲೆಲ್ಲ ಭತ್ತ, ಭತ್ತ ಇದ್ದಲ್ಲೆಲ್ಲ ಸೊಳ್ಳೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುವ ಬೋನಾಳ ಕೆರೆಗೆ ಹೋಗುವವರು ಸೊಳ್ಳೆಪರದೆ ಮರೆತರೆ ರಾತ್ರಿಯಿಡೀ ಹಕ್ಕಿಗಳಿಗೆ ಜೊತೆಯಾಗಿ ಎಚ್ಚರವಿರಬೇಕಾಗುತ್ತದೆ.

ಚಿಂಚೋಳಿಯ ಕಾಡಿನ ವಿಷಯ ಬೇರೆ. ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ರಾತ್ರಿ ಕಳೆಯುವಂತಿಲ್ಲ. ಚಂದ್ರಂಪಳ್ಳಿ ಜಲಾಶಯವನ್ನು ಹಗಲಿನಲ್ಲಿ ನೋಡಿ ಹೊರಬಂದುಬಿಡುತ್ತೇನೆ. ಟೂ ಸ್ಟ್ರೋಕಿನ ಹೊಗೆ, ಸದ್ದು ಎರಡೂ ಕಾಡಿಗೆ ಹೇಳಿಸಿದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಗಾಡಿಯ ಆರೈಕೆ. ನನ್ನ ಗಾಡಿಯ ಟೂ ಸ್ಟ್ರೋಕ್ ಎಂಜಿನ್‌ಗೆ ಬೇರೆ ಎಣ್ಣೆಯಿಲ್ಲ, ಪೆಟ್ರೋಲಿನೊಂದಿಗೆ ಹೋದದ್ದೇ ಸಿಲಿಂಡರಿಗೆ ಸಿಗುವ ಎಣ್ಣೆ. ನಾನು ಲೀಟರಿಗೆ 40 ಮಿ.ಲೀ. ಟೂ-ಟಿ ಎಣ್ಣೆಯನ್ನು ಮೊದಲು ಟ್ಯಾಂಕಿಗೆ ಸುರಿದು, ಅದರ ಮೇಲೆ ಪೆಟ್ರೋಲ್ ಹಾಕಿಸುತ್ತೇನೆ, ಧಾರೆಯ ರಭಸಕ್ಕೆ ತಾನೇ ಬೆರೆಯುತ್ತದೆ. ಇದನ್ನು ಅರಿತವರಿಗೆ ಇಳಿಜಾರಿನ ಅಪಾಯವೂ ತಿಳಿಯುತ್ತದೆ. ಬೀದರದ ಎತ್ತರದಿಂದ ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ, ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ತೀರಾ ಕಡಿಮೆ ಹೋಗುತ್ತಿರುತ್ತದೆ; ಪೆಟ್ರೋಲ್ ಕಡಿಮೆಯೆಂದರೆ ಎಣ್ಣೆಯೂ ಕಡಿಮೆ. ಪಿಸ್ಟನ್ ಹಿಡಿದುಕೊಳ್ಳುವುದು ಹೀಗೆಯೇ. ನಡುನಡುವೆ ಎಕ್ಸಲರೇಟರನ್ನು ಸ್ವಲ್ಪ ತಿರುವಿ ಕೊಡುತ್ತ ಇಳಿಯಬೇಕು.

ಎರಡನೆಯದು ಪಾಯಿಂಟ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರಿಸಲು ಕೂಡಿ ಬಿಡುವ ಲೋಹದ ಜೋಡಿ ತುದಿ. ಗಾಡಿ ತಡವರಿಸಿದರೆ ಎಲ್ಲರ ಕೈಯೂ ಕಾರ್ಬೊರೇಟರಿಗೆ ಹೋಗುತ್ತದೆ. ನನಗೆ ಕೆಲಸ ಕಲಿಸಿದ ಮಿಸ್ತ್ರಿ ಚಾಚಾ ಮೊದಲು ಪ್ಲಗ್ ಬಿಚ್ಚಿ ಅಂಗೈಯಲ್ಲಿಟ್ಟು ನೋಡುತ್ತಿದ್ದರು. ತುದಿ ಕಂದು ಬಣ್ಣದ್ದಾಗಿದ್ದರೆ ಪೆಟ್ರೋಲ್ ಸರಿಯಾಗಿ ಬರುತ್ತಿದೆ, ಹಾಗಾದರೆ ಪಾಯಿಂಟ್ ನೋಡು. ಕರಿ ಎಣ್ಣೆ ಮೆತ್ತಿದ್ದರೆ ಪ್ಲಗ್ ಒರೆಸು. ಬೆಳ್ಳಗಿದ್ದರೆ ಗಾಡಿ ನಿಲ್ಲಿಸಿ ತಣಿಯಲು ಬಿಡು. "ಗಾಡಿ ದಣಿಯುವ ಮೊದಲೇ ನೀವು ಚಹಾ ಕುಡಿಯಿರಿ" ಎನ್ನುತ್ತಿದ್ದರು. ಅದರಂತೆ ಐವತ್ತು ಕಿ.ಮೀ.ಗೊಮ್ಮೆ ನಿಲ್ಲುತ್ತೇನೆ. ಕಪ್ಪಾದ ಪಾಯಿಂಟನ್ನು ನಯವಾದ ಪಾಲಿಶ್ ಕಾಗದದಿಂದ ಒಂದೆರಡು ಸಲ ಉಜ್ಜಿ, ಮಡಚಿದ ಒಣ ಬಿಳಿ ಕಾಗದವನ್ನು ನಡುವೆ ಸಿಕ್ಕಿಸಿ ಎಳೆಯುತ್ತೇನೆ. ಕಾಗದ ಕಪ್ಪಾಗದೆ ಹೊರಬಂದರೆ ಕೆಲಸ ಮುಗಿಯಿತು. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪು ತಾಳುವುದಿಲ್ಲ, ಹೊಸದನ್ನು ಹಾಕಿಸಿದ್ದಲ್ಲದೆ ಒಂದು ತುಂಡು ಜೊತೆಗೇ ಇರುತ್ತದೆ. ಜಾಲಿಮುಳ್ಳಿನ ಸೀಮೆಯಲ್ಲಿ ಪಂಕ್ಚರ್ ಸಾಮಾನು, ಕೈಪಂಪು ಬಿಟ್ಟು ಹೊರಡುವುದು ಧೈರ್ಯವಲ್ಲ, ಹುಂಬತನ.

ಅಡುಗೆಯ ಒಲೆ ನಾನು ಒಯ್ಯುವುದಿಲ್ಲ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಹಿಂಡಿ, ಹೊಲದವರು ಕೊಟ್ಟ ಉಳ್ಳಾಗಡ್ಡಿ, ಅಷ್ಟೇ ಊಟ. ಎಳ್ಳಮಾವಾಸ್ಯೆಯ ಹೊತ್ತಿಗೆ ಹೊರಟರೆ ಅದೂ ಬೇಕಿಲ್ಲ. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿದ (ಹೊಲಕ್ಕೆ ನೈವೇದ್ಯ ಎರಚಿದ) ಮೇಲೆ ದಾರಿಹೋಕರನ್ನು ಕೂಗಿ ಕರೆದು ಸಜ್ಜಿ ರೊಟ್ಟಿ, ಭಜ್ಜಿ ಬಡಿಸುತ್ತಾರೆ. ಬಜ್ಜಿ ಅಂಗಡಿಯ ಕರಿದ ತಿಂಡಿಯಲ್ಲ ಇದು, ಹಸಿ ತೊಗರಿ, ಕಡಲೆ, ಸಿಕ್ಕ ಸೊಪ್ಪು ತರಕಾರಿಯೆಲ್ಲ ಸೇರಿಸಿ ಕುದಿಸಿದ ಪಲ್ಯ. ಯೆಜ್ಡಿಯ ಸದ್ದು ಅರ್ಧ ಮೈಲಿ ಮೊದಲೇ ಕೇಳುವುದರಿಂದ ಕರೆಯುವವರು ದಾರಿಗೆ ಬಂದು ನಿಂತಿರುತ್ತಾರೆ. ಆ ದಿನ ನಲವತ್ತು ಕಿ.ಮೀ. ದಾಟಿದರೆ ಹೆಚ್ಚು.

ಇಷ್ಟೆಲ್ಲದರಲ್ಲಿ ನನಗೆ ಬೇಸರ ತರುವುದು ಕಾಗದಪತ್ರವೊಂದೇ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಪ್ರತಿ ಸಲ ಗಾಡಿಯನ್ನು ತೋರಿಸಬೇಕು. ನನ್ನದರ ಅವಧಿ ಬರುವ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಹಾರ್ನ್ ಸರಿಯಾಗಬೇಕು, ಬ್ರೇಕ್ ಹೊಡೆದಾಗ ಹಿಂದೀಪ ಹತ್ತಬೇಕು. ನಾರಾಯಣಪುರದ ಆಣೆಕಟ್ಟಿನ ಕಡೆ ಹೋಗುವುದು ಅದಾದ ಮೇಲೆ.