ಕಾಂಗಾ ಜೋಡಿಯನ್ನು ಕತ್ತರಿಸಿ, ಒಗೆದು, ಉಡುವ ಬಗೆ

ಟಾಂಜಾನಿಯಾ, ಕೀನ್ಯಾಗಳಿಂದ ಊರಿಗೆ ಬರುವವರು ಉಡುಗೊರೆಯಾಗಿ ತರುವ ಕಾಂಗಾ, ಸ್ವಾಹಿಲಿ ಹೆಂಗಸರು ಉಡುವ ಅಚ್ಚಿನ ಹತ್ತಿಬಟ್ಟೆ. ಸುಮಾರು ಒಂದೂವರೆ ಮೀಟರ್ ಉದ್ದ, ಒಂದು ಮೀಟರಿಗಿಂತ ತುಸು ಹೆಚ್ಚು ಅಗಲದ ಎರಡು ತುಂಡುಗಳು ಕತ್ತರಿಸದೆ ಕೂಡಿಕೊಂಡೇ ಬರುತ್ತವೆ. ಈ ಜೋಡಿಗೆ 'ಡೋಟಿ' ಎನ್ನುತ್ತಾರೆ. ಸುತ್ತಲಿನ ಅಂಚು 'ಪಿಂಡೋ', ನಡುವಿನ ಒಡಲು 'ಮ್ಜಿ', ಕೆಳ ಅಂಚಿನ ಮೇಲ್ಗಡೆ ಅಚ್ಚಾಗಿರುವ ಬರಹ 'ಜೀನಾ'. ಬಟ್ಟೆಯ ಮೇಲು ಯಾವುದು, ಕೆಳಗು ಯಾವುದು ಎಂದು ಹೇಳುವುದು ಈ ಬರಹವೇ ಆದ್ದರಿಂದ ಮೊದಲು ಅದನ್ನು ಹುಡುಕಿಕೊಳ್ಳಬೇಕು.

ಹೊಲಿಯುವ ಮುನ್ನವೇ ಒಗೆಯುವುದು ಒಳ್ಳೆಯದು, ಏಕೆಂದರೆ ಹೊಸ ಬಟ್ಟೆಯ ಗಂಜಿ ಹೋದಾಗ ಹತ್ತಿ ಸ್ವಲ್ಪ ಕುಗ್ಗುತ್ತದೆ, ಆಮೇಲೆ ಒಗೆದರೆ ಹೊಲಿಗೆ ಸುಕ್ಕುಗಟ್ಟುತ್ತದೆ. ತಣ್ಣೀರಿನಲ್ಲಿ ಬೇರೆಯಾಗಿ ನೆನೆಹಾಕಿ, ಬಣ್ಣ ಬಿಡುವುದು ನಿಲ್ಲುವವರೆಗೆ ನೀರು ಬದಲಿಸಿ, ನೆರಳಿನಲ್ಲಿ ಒಣಗಿಸಬೇಕು. ಚಿಕ್ಕಮಗಳೂರಿನ ಆಷಾಢದ ಜಡಿಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು; ಅರೆ ಒಣಗಿದ್ದನ್ನು ಮಡಿಸಿಟ್ಟರೆ ಮುಗ್ಗುಲು ವಾಸನೆ ಹಿಡಿಯುತ್ತದೆ.

ಎರಡರ ಅಂಚುಗಳು ಕೂಡುವ ಗೆರೆಯ ಮೇಲೆ ಕತ್ತರಿಯಿಂದಲೇ ಕತ್ತರಿಸಬೇಕು. ಪಂಚೆಯಂತೆ ಹರಿಯಬಾರದು, ಅಚ್ಚು ಸ್ವಲ್ಪ ಓರೆಯಾಗಿದ್ದರೆ ಸೀಳು ನೂಲಿನ ಜಾಡು ಹಿಡಿದು ಅಂಚಿನೊಳಕ್ಕೆ ನುಗ್ಗುತ್ತದೆ. ಉದ್ದದ ಬದಿಗಳಿಗೆ ಮಗ್ಗದ ಅಂಚು ಇರುವುದರಿಂದ ಅಗಲದ ಎರಡು ಬದಿಗಳನ್ನಷ್ಟೇ ಎರಡು ಸಲ ಸಣ್ಣಗೆ ಮಡಿಸಿ ಹೊಲಿದರೆ ಸಾಕು. ನಮ್ಮ ಮನೆಗೆ ಬಂದ ಜೋಡಿಗೆ ದರ್ಜಿಯೊಬ್ಬರು ಸೀರೆಯ ಲೆಕ್ಕದಲ್ಲಿ ಪೀಕೋ ಹಾಕಿಬಿಟ್ಟರು. ನಾಲ್ಕೇ ಒಗೆತಕ್ಕೆ ನೂಲು ಎದ್ದು, ಕೊನೆಗೆ ಕೈಹೊಲಿಗೆಯಲ್ಲಿ ಸರಿಪಡಿಸಬೇಕಾಯಿತು.

ಉಡುವಾಗ ಬರಹ ನೆಟ್ಟಗೆ, ಕೆಳಭಾಗದಲ್ಲಿ ಇರುವಂತೆ ಬಟ್ಟೆಯನ್ನು ಬೆನ್ನ ಹಿಂದಿನಿಂದ ಅಡ್ಡ ಹಿಡಿದು, ಮೇಲಿನ ಎರಡು ಮೂಲೆಗಳನ್ನು ಮುಂದಕ್ಕೆ ಎಳೆದು, ಒಂದರ ಮೇಲೊಂದು ಬಿಗಿಯಾಗಿ ಸುತ್ತಿ, ಮೇಲಂಚನ್ನು ಸುರುಳಿಮಾಡಿ ಸಿಕ್ಕಿಸಬೇಕು. ಲುಂಗಿ ಉಟ್ಟು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೀಗೆ ಉಟ್ಟಾಗ ಬರಹ ಹಿಂಬದಿಗೆ ಬರುತ್ತದೆ. ಜೋಡಿಯ ಇನ್ನೊಂದನ್ನು ತಲೆ, ಹೆಗಲುಗಳ ಮೇಲೆ ಹೊದೆಯುತ್ತಾರೆ.

ಬರಹವಿರುವ ಕಾಂಗಾಗಳಿಗೆ ಹೆಸರಾದದ್ದು ಕೀನ್ಯಾದ ಮೊಂಬಾಸಾದಲ್ಲಿ 1887ರಲ್ಲಿ ವ್ಯಾಪಾರ ತೊಡಗಿದ ಕಾದರ್‌ದೀನಾ ಹಾಜಿ ಇಸಾಕ್ ಅವರ ಅಂಗಡಿ. ಮೊದಲು ಅರಬ್ಬಿ ಲಿಪಿಯಲ್ಲಿದ್ದ ಸಾಲುಗಳು ಬಳಿಕ ರೋಮನ್ ಲಿಪಿಗೆ ಬಂದವು. 'ಹಾಬಾ ನಾ ಹಾಬಾ ಹುಜಾಝಾ ಕಿಬಾಬಾ' ಎಂಬ ಸ್ವಾಹಿಲಿ ಗಾದೆಯಲ್ಲಿ ಚೂರುಚೂರಾಗಿ ತುಂಬುವ 'ಕಿಬಾಬಾ' ಧಾನ್ಯ ಅಳೆಯುವ ಮಾನ, ನಮ್ಮ 'ತೆನೆ ತೆನೆ ಕೂಡಿದರೆ ಬಳ್ಳ'ದ ಬಳ್ಳದಂತೆಯೇ. ಎಲ್ಲ ಸಾಲುಗಳೂ ಇಷ್ಟು ಸಾಧುವಲ್ಲ. ಸವತಿಗೋ ನೆರೆಯವಳಿಗೋ ಕುಟುಕಲೆಂದೇ ಆರಿಸಿ ಉಡುವ ಮಾತುಗಳೂ ಉಂಟು. ಆದ್ದರಿಂದ ಅತ್ತೆಗೋ ನಾದಿನಿಗೋ ಕೊಡುವ ಮುನ್ನ, ತಂದವರಲ್ಲಿ ಅರ್ಥ ಕೇಳಿ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಬಟ್ಟೆಯ ಮಡಿಕೆಯೊಳಗೆ ಇಡಿ.